ಹೊಗೆಯಲ್ಲ, ಉಗಿ ಎಂದವರು

ನಮ್ಮ ಪಿ.ಟಿ. ಸರ್ ಅವರ ಮುಂದಿನ ಹಲ್ಲೊಂದರ ಅಂಚಿನಲ್ಲಿ ಸಣ್ಣ ತಗ್ಗಿತ್ತು. ಸ್ಟೀಲ್ ಸೀಟಿಯನ್ನು ವರ್ಷಗಟ್ಟಲೆ ಕಚ್ಚಿ ಹಿಡಿದು ಹಲ್ಲೇ ಸವೆದುಹೋಗಿತ್ತು. ಆ ತಗ್ಗಿನಲ್ಲಿ ಸೀಟಿ ಕುಳಿತರೆ ಕೈಬಿಟ್ಟರೂ ಬೀಳುತ್ತಿರಲಿಲ್ಲ. ಎರಡೂ ಕೈ ಬೀಸಿಕೊಂಡು ನಮ್ಮ ಜೊತೆಗೆ ಓಡುತ್ತಲೇ ಊದುತ್ತಿದ್ದರು. ಬೀಡಿ ಇಡುವುದಕ್ಕೂ ಅದೇ ಜಾಗ.

ಅವರು ಬೀಡಿ ಸೇದುತ್ತಾರೆಂಬುದು ಊರಿಗೆಲ್ಲ ಗೊತ್ತಿತ್ತು. ಆದರೆ ಸೇದುವುದನ್ನು ಹತ್ತಿರದಿಂದ ಕಂಡ ಹುಡುಗಿ ನಮ್ಮ ಖೋ-ಖೋ ತಂಡದಲ್ಲಿ ಒಬ್ಬಳೂ ಇರಲಿಲ್ಲ. ಆಟ ಮುಗಿದ ಮೇಲೆ ಮೈದಾನ ದಾಟಿ, ಪಕ್ಕದ ಕಡಲೆ ಹೊಲದ ಬದುವಿನಗುಂಟ ನಡೆದು, ಒಂಟಿ ಜಾಲಿಗಿಡದ ಆಚೆ ನಿಲ್ಲುತ್ತಿದ್ದರು. ಅಷ್ಟು ದೂರ. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಅಂಟಿದರೂ ಅಲ್ಲಿಗೇ ಹೋಗುತ್ತಿದ್ದರು. ತಿರುಗಿ ಬಂದು ನಳದ ಕೆಳಗೆ ಬಾಯಿ ಮುಕ್ಕಳಿಸಿ, ಬಡೇಸೋಪು ಅಗಿದು, ಆಮೇಲೆ ನಮ್ಮ ನಡುವೆ ಕೂತು ಆ ದಿನದ ತಪ್ಪುಗಳನ್ನು ಹೇಳುತ್ತಿದ್ದರು. ಒಮ್ಮೆ ಯಾರೋ ಕೇಳಿದಾಗ, "ನೀವು ಓಡೋ ಹುಡುಗ್ಯಾರು. ನನ್ನ ಹೊಲಸು ನಿಮ್ಮ ಉಸುರಿಗೆ ಯಾಕ?" ಎಂದಿದ್ದರು.

ಬಾಯಿ ಬಿರುಸು. ತಪ್ಪು ಖೋ ಕೊಟ್ಟರೆ, "ಏ ಲೇ, ಗ್ವಾಡಿಗೆ ಕೈ ಹಚ್ಚಿದಂಗ ಹಚ್ಚತೀಯಲ್ಲ! ಕುಂತಾಕಿಗೆ ಎಚ್ಚರ ಆಗಬೇಕು ಬೇ!" ಎಂದು ಕೂಗುತ್ತಿದ್ದರು. ಎದ್ದು ಓಡುವವಳಿಗಿಂತ ಕುಳಿತು ಕಾಯುವವಳ ಮೇಲೆಯೇ ಅವರ ಕಣ್ಣು. "ಕುಂತಾಗ ಯಾಂವ ತಯಾರಿರ್ತಾನ, ಅವಂದ ಆಟ" ಎನ್ನುವುದು ಅವರ ಮಾತು. ಹುಡುಗಿಯರ ತಂಡಕ್ಕೂ "ಅವಂದ" ಎಂದೇ ಅನ್ನುತ್ತಿದ್ದರು. ನಾವು ನಗುತ್ತಿದ್ದೆವು.

ಒಂಬತ್ತನೇ ಇಯತ್ತೆಯಲ್ಲಿ ನನ್ನ ಅಪ್ಪ ನನ್ನನ್ನು ತಂಡದಿಂದ ಬಿಡಿಸಿದರು. ಸರ್ ಆ ಸಂಜೆಯೇ ಮನೆಗೆ ಬಂದರು. ಅಪ್ಪ ಮುಖ ತಗ್ಗಿಸಿಕೊಂಡು, "ಹುಡುಗಿ ದೊಡ್ಡಾಕಿ ಆಗ್ಯಾಳ್ರಿ ಮಾಸ್ತರ. ಮಂದಿ ಮುಂದ ಚಡ್ಡಿ ಹಾಕ್ಕೊಂಡು ಓಡೂದು ನಮಗ ಚಂದ ಕಾಣಂಗಿಲ್ರಿ" ಎಂದರು. ಸರ್ ವಾದ ಮಾಡಲಿಲ್ಲ. "ಉದ್ದನ್ ಪ್ಯಾಂಟ್ ಹಾಕಸ್ತೀನ್ರಿ. ಓಡೂದೊಂದು ಬಿಡಸಬ್ಯಾಡ್ರಿ" ಎಂದು ಚಹಾ ಕುಡಿದು ಹೋದರು. ಮರುವಾರ ಅಪ್ಪ ಒಪ್ಪಿ ನಾನು ಮೈದಾನಕ್ಕೆ ಹೋದಾಗ ಇಡೀ ತಂಡ ಉದ್ದ ಪ್ಯಾಂಟಿನಲ್ಲಿತ್ತು. ನಾನೊಬ್ಬಳೇ ಬೇರೆಯಾಗಿ ಕಾಣಬಾರದೆಂದು ಎಲ್ಲರಿಗೂ ಹೊಲಿಸಿದ್ದರು. ಆ ಆಟದ ಸರ್ಟಿಫಿಕೇಟಿನ ಮೇಲೆಯೇ ನನಗೆ ಮುಂದೆ ಕಾಲೇಜಿನಲ್ಲಿ ಸೀಟು ಸಿಕ್ಕಿತು, ನೌಕರಿಯೂ ಆಯಿತು.

ಶಿಕ್ಷಕಿಯಾಗಿ ನಾನು ಅದೇ ಶಾಲೆಗೆ ಬಂದಾಗ ಸರ್ ನಿವೃತ್ತಿಯ ಸಮೀಪದಲ್ಲಿದ್ದರು. ಕೆಮ್ಮು ಹಿಡಿದಿತ್ತು. ಬೀಡಿ ಬಿಡದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಆಗಲೇ ಹುಬ್ಬಳ್ಳಿಯಲ್ಲಿರುವ ಅವರ ಅಕ್ಕನ ಮಗ ಬೀಡಿಯ ಬದಲಿಗೆಂದು ಇ-ಸಿಗರೇಟಿನ ಯಂತ್ರವನ್ನು ತಂದುಕೊಟ್ಟದ್ದು. ನೋಡಲು ದಪ್ಪನೆಯ ಪೆನ್ನಿನಂತೆ, ತುದಿಯಲ್ಲಿ ನೀಲಿ ದೀಪ. ಮಾರುವುದೇ ಕಾನೂನಿಗೆ ವಿರುದ್ಧವಾದ ವಸ್ತು, ಮೊಬೈಲ್ ಕವರ್ ಮಾರುವ ಅಂಗಡಿಯ ಹಿಂದಿನಿಂದ ಸಿಗುತ್ತಿತ್ತಂತೆ.

ಮೊದಲ ದಿನವೇ ಅದನ್ನು ಸ್ಟಾಫ್ ರೂಮಿನಲ್ಲಿ, ನನ್ನ ಎದುರಿನ ಕುರ್ಚಿಯಲ್ಲಿ ಕೂತು ಸೇದಿದರು. ಮಾವಿನಹಣ್ಣಿನ ಕೊಳೆತ ಸಿಹಿಯಂಥ ವಾಸನೆ ಬುತ್ತಿಯ ಡಬ್ಬಿಗಳ ಮೇಲೆಲ್ಲ ಹರಡಿತು. ನಾನು ನನ್ನ ಡಬ್ಬಿ ಮುಚ್ಚಿದೆ.

"ಸರ್, ಹೊರಗ ಹೋಗಿ ಸೇದ್ರಿ" ಎಂದೆ.

"ಇದು ಹೊಗಿ ಅಲ್ಲವಾ, ಉಗಿ. ನಿನ್ನ ಚಹಾದಾಗಿಂದನೂ ಉಗಿ ಬರ್ತೈತಿ. ಅದನ್ನೂ ಹೊರಗ ಹೋಗಿ ಕುಡೀತಿ ಏನು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೆಡ್‌ಮಾಸ್ತರರಿಗೆ ಹೇಳಿದರೆ, "ಹೋಗ್ಲಿ ಬಿಡ್ರಿ ಅಕ್ಕೋರ, ಬೀಡಿ ಬಿಟ್ಟಾರಲ್ಲ, ಅದ ದೊಡ್ಡದು. ಇನ್ನೇನ್ ರಿಟೈರ್ ಆಗಾವ್ರು" ಎಂದು ಮಾತು ಮುಗಿಸಿದರು.

ಬೀಡಿಗೆ ಅವರಲ್ಲಿ ಒಂದು ನಾಚಿಕೆ ಇತ್ತು. ಆ ನಾಚಿಕೆಯೇ ಅವರನ್ನು ಬದು ದಾಟಿಸಿ ಜಾಲಿಗಿಡದ ತನಕ ನಡೆಸುತ್ತಿತ್ತು. ಈ ಯಂತ್ರ ಮೊದಲು ತಿಂದದ್ದು ಅದನ್ನು. ಬೂದಿ ಬೀಳುವುದಿಲ್ಲ, ಕಡ್ಡಿ ಗೀರಬೇಕಿಲ್ಲ, ಯಾರಿಗೂ ಹೆದರಬೇಕಿಲ್ಲ. ದಿನಕ್ಕೆ ನಾಲ್ಕಾರು ಬೀಡಿ ಸೇದುತ್ತಿದ್ದವರು ಈಗ ಮಾತಿಗೊಮ್ಮೆ ಅದನ್ನು ಬಾಯಿಗಿಡುತ್ತಿದ್ದರು. ಆಫೀಸಿನಲ್ಲಿ, ವರಾಂಡದಲ್ಲಿ, ಕಡೆಗೆ ಮೈದಾನದಲ್ಲೂ. ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಅದು. ಅದೇನೆಂದು ಹುಡುಗಿಯರು ಕೇಳಿದರೆ ಅವರಿಗೂ ಉಗಿಯ ಮಾತೇ.

ಒಂದು ದಿನ ಸರ್ ಮತ್ತು ನಾನು ನವಲಗುಂದದಿಂದ ಬರುವಾಗ ಬಸ್ಸಿನಲ್ಲಿ ನಮ್ಮ ಮುಂದಿನ ಸೀಟಿನಲ್ಲಿ ಬಾಣಂತಿಯೊಬ್ಬಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಸರ್ ಎರಡು ಸಲ ಎಳೆದು ಬಿಟ್ಟರು. ಕೂಸು ಕೆಮ್ಮಿತು. ಬಾಣಂತಿಯ ಪಕ್ಕದಲ್ಲಿದ್ದ ಅದರ ಅಜ್ಜಿ ಹಿಂದೆ ತಿರುಗಿ, "ಏನ್ರಿ ಅದು, ಊದಿನಕಡ್ಡಿ ಹಚ್ಚೀರೇನು?" ಎಂದು ಕೇಳಿದಳು. ಸರ್ ನಗುತ್ತ ತೋರಿಸಿದರು. ಅಜ್ಜಿ ಅದನ್ನು ಮೂಸಿ ನೋಡಿ, "ಥೂ, ಇಳ್ದು ಸೇದ್ರಿ. ಕೂಸಿನ ಮಾರಿ ಮ್ಯಾಲ ಉಗೀತೀರಲ್ಲ" ಎಂದುಬಿಟ್ಟಳು. ಸರ್ ಅದನ್ನು ಕಿಸೆಯಲ್ಲಿಟ್ಟುಕೊಂಡರು, ಆದರೆ ಮುಖದಲ್ಲಿ ನಾಚಿಕೆ ಇರಲಿಲ್ಲ, ಸಿಟ್ಟಿತ್ತು. ನಾನು ಎದ್ದು ಹಿಂದಿನ ಸೀಟಿಗೆ ಹೋದೆ. ನನ್ನನ್ನು ಬೆಳೆಸಿದ ಮನುಷ್ಯನ ಪಕ್ಕದಲ್ಲಿ ಕೂರಲು ನನಗೆ ಅಂದು ಅಸಹ್ಯವಾಗಿತ್ತು.

ಆ ವರ್ಷದ ತಾಲೂಕು ಆಟಗಳು ನವಲಗುಂದದಲ್ಲಿ ನಡೆದವು. ನಮ್ಮ ತಂಡದ ನಾಯಕಿ ಭಾಗ್ಯಾ, ಹತ್ತನೇ ಇಯತ್ತೆ. ಕಂಬ ಸುತ್ತುವಾಗ ಅವಳು ಕಣ್ಣಿಗೇ ಸಿಗುತ್ತಿರಲಿಲ್ಲ, ಅಷ್ಟು ಚುರುಕು. ಸರ್ ತಮ್ಮ ಜಾಕೀಟು ಕುರ್ಚಿಗೆ ಹಾಕಿ ಆಟದ ತೀರ್ಪು ಕೊಡುವ ಪಂಚರ ಹತ್ತಿರ ಹೋಗಿದ್ದರು. ನಾನು ಹುಡುಗಿಯರಿಗೆ ನೀರು ತರಲು ಹೋಗಿದ್ದೆ. ಬಂದು ನೋಡಿದರೆ ಭಾಗ್ಯಾ ಕಾಂಪೌಂಡಿನ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಮುಖ ಬೆಳ್ಳಗೆ, ಹಣೆಯಲ್ಲಿ ತಣ್ಣನೆಯ ಬೆವರು, ಕೈ ನಡುಗುತ್ತಿತ್ತು. ಎದೆ ಮುಟ್ಟಿದರೆ ಹಿಡಿತ ತಪ್ಪಿದಂತೆ ಬಡಿಯುತ್ತಿತ್ತು.

ಸರ್ ಓಡಿಬಂದರು. "ಮುಂಜಾನಿ ಏನರ ತಿಂದೀಯಿಲ್ಲ? ಬಿಸಲಾಗ ಉಪಾಸ ಬರಬ್ಯಾಡಂತ ಎಷ್ಟ್ ಸಲ ಹೇಳೇನಿ ಬೇ!"

ನಾನು ಅವಳ ಬಾಯಿ ಒರೆಸಲು ಬಾಗಿದೆ. ಮಾವಿನಹಣ್ಣಿನ ವಾಸನೆ.

"ಸರ್, ನಿಮ್ಮ ಜಾಕೀಟಿನ ಕಿಸೆ ನೋಡ್ರಿ" ಎಂದೆ. ಅವರು ನೋಡಲಿಲ್ಲ. ಅವರಿಗೂ ವಾಸನೆ ಬಡಿದಿತ್ತು.

ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ, ಡಾಕ್ಟರು ಏನು ಸೇದಿದೆ ಎಂದು ಕೇಳಿದರು. ಭಾಗ್ಯಾ ಅಳುತ್ತಲೇ ಹೇಳಿದಳು, ಮ್ಯಾಚಿಗೆ ಮೊದಲು ಎದೆ ಹಾರುತ್ತಿತ್ತು, ಧೈರ್ಯ ಬರಲಿ ಎಂದು ಎಳೆದೆ, ಒಂದಾದ ಮೇಲೊಂದು ಎಳೆದೆ ಎಂದು. ಆಮೇಲೆ ಸರ್ ಕಡೆ ತಿರುಗಿ, ಬೈಗುಳಕ್ಕೆ ಹೆದರಿದ ದನಿಯಲ್ಲಿ ಅಂದಳು:

"ಹೊಗಿ ಅಲ್ಲ ಅಂದಿದ್ರಲ್ರಿ ಸರ್. ಬರೇ ಉಗಿ ಅಂದಿದ್ರಲ್ರಿ."

ಸರ್ ಮಂಚದ ಕಬ್ಬಿಣ ಹಿಡಿದುಕೊಂಡರು. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಸಂಜೆಯ ಹೊತ್ತಿಗೆ ಹುಡುಗಿ ಚೇತರಿಸಿಕೊಂಡಳು. ನಮ್ಮ ತಂಡ ಆಡಲಿಲ್ಲ. ಹೆಡ್‌ಮಾಸ್ತರರ ಫೋನು ಬಂತು: "ಹುಡುಗಿಗೆ ಹೊಟ್ಟಿ ಕೆಟ್ಟಿತ್ತು ಅಂತ ಮನ್ಯಾಗ ಹೇಳ್ರಿ. ಸಾಲಿ ಹೆಸರು ಕೆಡ್ತೈತಿ." ಸರ್ ಪೂರ್ತಿ ಕೇಳಿಸಿಕೊಂಡು, "ಆ ಸುಳ್ಳು ನನ್ನಿಂದ ಆಗಂಗಿಲ್ರಿ" ಎಂದು ಫೋನು ಇಟ್ಟರು.

ಭಾಗ್ಯಾಳ ಅಪ್ಪ ಟ್ರ್ಯಾಕ್ಟರ್ ಬಾಡಿಗೆಗೆ ಓಡಿಸುವ ಮನುಷ್ಯ. ಹುಡುಗಿಯನ್ನು ಬಿಡಲು ನಾವು ಹೋದಾಗ ಅಂಗಳದಲ್ಲಿ ಟೈರಿಗೆ ಗಾಳಿ ಹಾಕುತ್ತಿದ್ದ. ಸರ್ ಆ ಯಂತ್ರವನ್ನು ಕಟ್ಟೆಯ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದರು. ತಮ್ಮ ಅನುಕೂಲಕ್ಕೆ ಒಂದು ಮಾತನ್ನೂ ತಿರುಚಲಿಲ್ಲ. "ಹುಡುಗೀದು ತಪ್ಪಿಲ್ಲ. ಹುಡುಗ್ಯಾರ ನಡಬರಕ ನಿಂತು ಸೇದಿದಾಂವ ನಾನು" ಎಂದರು.

ಆತ ಎದ್ದು ಬಂದು ಅದನ್ನು ನೋಡಿದ. ಕೈ ಮಾಡುತ್ತಾನೆಂದೇ ನಾನು ಹೆದರಿದ್ದೆ.

"ಇದನ್ನ ನನ್ನ ಕಟ್ಟಿ ಮ್ಯಾಲಿಂದ ತಗೀರಿ" ಎಂದ. ಸರ್ ತೆಗೆದುಕೊಂಡರು. "ನಿಮ್ಮ ಕೈಯಾಗ ಹುಡುಗಿನ್ನ ಕೊಟ್ಟಿದ್ದೆ ಮಾಸ್ತರ. ನಮ್ಮ ತಮ್ಮಂದ್ರು ಬ್ಯಾಡ ಅಂದ್ರೂ ಕೊಟ್ಟಿದ್ದೆ. ಇನ್ನ ಕೊಡಾಂಗಿಲ್ಲ."

"ನನ್ನ ಕೈಯಾಗ ಬ್ಯಾಡ್ರಿ. ಅಕ್ಕೋರ ಕೈಯಾಗ ಕೊಡ್ರಿ" ಎಂದು ಸರ್ ನನ್ನ ಕಡೆ ಕೈ ತೋರಿಸಿದರು. ಮೊದಲೇ ನನಗೆ ಹೇಳಿರಲಿಲ್ಲ. "ನಾ ಮೈದಾನದಾಗ ಕಾಲಿಡಂಗಿಲ್ಲ. ಆಕಿ ಓಡೂದು ಬಿಡಸಬ್ಯಾಡ್ರಿ."

ಆತ ಮತ್ತೆ ಟೈರಿನ ಕಡೆ ಹೋದ. ಸರ್ ದಾರಿಯಲ್ಲಿ ಆ ಯಂತ್ರವನ್ನು ಗಟಾರಕ್ಕೆ ಎಸೆದರು. ನನಗೆ ಅವರ ಮೇಲೆ ಕರುಣೆ ಬರಲಿಲ್ಲ. "ಬಸ್ಸಿನ್ಯಾಗನ ಎಸೀಬೇಕಾಗಿತ್ರಿ ಸರ್" ಎಂದೆ. ಅವರು "ಹೌದು" ಎಂದಷ್ಟೇ ಅಂದರು.

ಹತ್ತಿ ಬಿಡಿಸುವ ಹೊತ್ತಿಗೆ ಭಾಗ್ಯಾ ತಿರುಗಿ ಬಂದಳು. ಅವಳ ಅಪ್ಪನೇ ಗೇಟಿನ ತನಕ ಬಿಟ್ಟುಹೋಗುತ್ತಿದ್ದ. ಸರ್ ಕೊಟ್ಟ ಮಾತಿನಂತೆ ಮೈದಾನಕ್ಕೆ ಇಳಿಯಲಿಲ್ಲ. ನಿವೃತ್ತಿಯ ದಿನದವರೆಗೂ ಕ್ಲಾಸಿನ ಕಿಟಕಿಯಿಂದ ನೋಡುತ್ತಿದ್ದರು, ಒಮ್ಮೆಯೂ ಕೂಗಲಿಲ್ಲ. ಸಂಜೆ ನಾನು ಕೇಳಿದರೆ ಮಾತ್ರ ಹೇಳುತ್ತಿದ್ದರು, ಯಾವ ಹುಡುಗಿ ಕುಳಿತಲ್ಲಿ ಮೈಮರೆಯುತ್ತಾಳೆ, ಯಾರ ಖೋ ತಡವಾಗುತ್ತದೆ ಎಂದು. ಮತ್ತೆ ಬೀಡಿಯನ್ನೂ ಮುಟ್ಟಲಿಲ್ಲ ಎಂದು ಅವರ ಮನೆಯವರು ಹೇಳುತ್ತಾರೆ. ಆದರೆ ಕೆಮ್ಮು ಬಿಡಲಿಲ್ಲ. ಮರುವರ್ಷ ಚಳಿಗಾಲದಲ್ಲಿ ತೀರಿಕೊಂಡರು. ಪುಪ್ಪುಸ ಕೆಟ್ಟದ್ದು ಬೀಡಿಯಿಂದಲೋ, ಆ ಯಂತ್ರದಿಂದಲೋ, ನನಗೆ ತಿಳಿಯದು.

ಮಣ್ಣು ಮಾಡುವ ದಿನ ಹುಬ್ಬಳ್ಳಿಯಿಂದ ಅವರ ಅಕ್ಕನ ಮಗನೂ ಬಂದಿದ್ದ. ಜನ ತುಂಬಿದ ಪಡಸಾಲೆಯಲ್ಲಿ, ಹೆಣ ಕೂರಿಸಿದ ಜಾಗದಿಂದ ಮೊಳ ದೂರದಲ್ಲಿ ನಿಂತು, ಅಂಥದೇ ಒಂದು ಯಂತ್ರವನ್ನು ಕಿಸೆಯಿಂದ ತೆಗೆದು ಬಾಯಿಗಿಟ್ಟ. ನಾನು ಅವನ ರಟ್ಟೆ ಹಿಡಿದೆ. "ಹೊರಗ ನಡಿ" ಎಂದೆ. ಏನೋ ಹೇಳಲು ಬಂದ. "ಒಂದ್ ಮಾತು ಆಡಬ್ಯಾಡ. ನಡಿ" ಎಂದು ಬಾಗಿಲ ತನಕ ಎಳೆದುಕೊಂಡೇ ಹೋದೆ. ಯಾರೂ ತಡೆಯಲಿಲ್ಲ.

ಭಾಗ್ಯಾಳ ಅಪ್ಪ ಹೆಗಲು ಕೊಡಲು ಮುಂದೆ ಬಂದ. ಭಾಗ್ಯಾ ನನ್ನ ಪಕ್ಕದಲ್ಲಿ ನಿಂತಿದ್ದಳು. ಸರ್ ಅವರನ್ನು ಕೂರಿಸಿ ಹೊತ್ತ ವಿಮಾನ ಓಣಿಯ ತಿರುವು ದಾಟಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕೋರ, ಅವತ್ತು ದವಾಖಾನ್ಯಾಗ ನಾ ಸರ್‌ಗೆ ಹಂಗ ಅನ್ನಬಾರದಿತ್ತೇನ್ರಿ?"

ನಾನು ದೊಡ್ಡವಳಾಗಿದ್ದೂ ಬಸ್ಸಿನಲ್ಲಿ ಎದ್ದು ಹಿಂದೆ ಹೋಗಿದ್ದೆ, ಅಷ್ಟೇ. ಅವರನ್ನು ನಿಲ್ಲಿಸಿದವಳು ಇವಳು.

"ಅನ್ನಬೇಕಿತ್ತವಾ" ಎಂದೆ. "ನೀ ಅಂದಿದ್ದಕ್ಕನ ಅವರು ಮತ್ತ ಮೊದಲಿನ ನಮ್ಮ ಸರ್ ಆಗಿ ಹೋದ್ರು."