ಎಡಗೈಗೆ ಸಾಕ್ಷಿ ಬೇಕಾಗಿದೆ

ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಪೊಲೀಸ್ ಕಾನ್‌ಸ್ಟೇಬಲ್ ಆದ ಸುಕನ್ಯಾ ಬಲಗೈಯಲ್ಲಿ ಉಣ್ಣುತ್ತಾಳೆ, ಬಲಗೈಯಲ್ಲಿ ಬರೆಯುತ್ತಾಳೆ, ಸೆಲ್ಯೂಟನ್ನೂ ಬಲಗೈಯಲ್ಲೇ ಹೊಡೆಯುತ್ತಾಳೆ. ಹುಟ್ಟಾ ಎಡಚಿಯನ್ನು ಹೀಗೆ ತಿದ್ದುವುದಕ್ಕೆ ಅವಳ ಅಮ್ಮ ಅಣ್ಣಮ್ಮ ಮತ್ತು ಶಾಲೆಯ ಮೇಷ್ಟ್ರು ಸಾಕಷ್ಟು ಬೆತ್ತ ಸವೆಸಿದ್ದರು. ಆದರೆ ಪಿಸ್ತೂಲು ಹಿಡಿಯುವುದನ್ನು ಇಬ್ಬರೂ ಕಲಿಸಿರಲಿಲ್ಲ. ಹಾಗಾಗಿ ಪಿಸ್ತೂಲು ಸಿಕ್ಕಿದ ದಿನ ಅದು ತಾನಾಗಿ ಎಡಗೈಗೆ ಹೋಗಿ ಕೂತಿತು.

ಆಗಷ್ಟೇ ಚಿಕ್ಕಮಗಳೂರಿಗೆ ವರ್ಗವಾಗಿ ಬಂದಿದ್ದ ನ್ಯಾಯಾಧೀಶೆಯೊಬ್ಬರು ತಮಗೆ ಕೊಡುವ ಗನ್‌ಮ್ಯಾನ್ ಹೆಂಗಸೇ ಆಗಿರಲಿ ಎಂದಿದ್ದರು. ಐದು ವರ್ಷ ಠಾಣೆಗೆ ಬಂದವರಿಗೆಲ್ಲ ಟೀ ತರಿಸಿ ಬೇಸತ್ತಿದ್ದ ಸುಕನ್ಯಾಗೆ ಆ ಕೆಲಸ ಬೇಕೇ ಬೇಕಿತ್ತು. ಅದಕ್ಕೆ ಪಿಸ್ತೂಲಿನ ಪರೀಕ್ಷೆ ಪಾಸಾಗಬೇಕು. ಮೊದಲ ಸಲ ಹೇಳಿದ ಹಾಗೆ ಕೇಳಿ ಬಲಗೈಯಲ್ಲಿ ಹೊಡೆದಳು. ಗುರಿಹಲಗೆಗೆ ಒಂದು ಗೀರೂ ಆಗಲಿಲ್ಲ, ಹಿಂದಿನ ಗುಡ್ಡಕ್ಕೆ ಮಾತ್ರ ಚೆನ್ನಾಗಿ ಬಿತ್ತು. ಉಳಿದದ್ದು ಇನ್ನೊಂದೇ ಅವಕಾಶ.

ಫೈರಿಂಗ್ ಕಲಿಸುವ ದಫೇದಾರ್ ರುದ್ರಪ್ಪನವರು ನಿಯಮ ಬಿಟ್ಟು ಸೀನುವವರೂ ಅಲ್ಲ.

“ನೋಡು ಮಾರಾಯ್ತಿ, ಮ್ಯಾಗಜಿನ್ ಬಿಡೋ ಗುಂಡಿ ಇರೋದು ಪಿಸ್ತೂಲಿನ ಎಡಗಡೆ. ಬಲಗೈಲಿ ಹಿಡಿದ್ರೆ ಹೆಬ್ಬೆಟ್ಟಿಗೇ ಸಿಗುತ್ತೆ. ಎಡಗೈಲಿ ಹಿಡಿದ್ರೆ ನಿನ್ ಹೆಬ್ಬೆಟ್ಟು ಆಚೆ ಕಡೆ. ಆಮೇಲೆ ಗುಂಡೀನ ಹಲ್ಲಲ್ಲಿ ಒತ್ತುತೀಯಾ?”

“ತೋರುಬೆರಳಲ್ಲಿ ಒತ್ತುತೀನಿ ಸಾರ್.”

ಒತ್ತಿ ತೋರಿಸಿದಳು. ಗುಂಡಿಗೆ ಹೋಗಬೇಕಾದರೆ ಬೆರಳು ಟ್ರಿಗರ್ ಬಿಟ್ಟು ಬರಲೇಬೇಕು. ಮ್ಯಾಗಜಿನ್ ತೆಗೆಯುವಾಗ ಟ್ರಿಗರ್ ಮೇಲೆ ಬೆರಳಿಡಬೇಡಿ ಎಂದು ರುದ್ರಪ್ಪನವರು ಬಲಗೈಯವರಿಗೆ ಮೂವತ್ತು ವರ್ಷ ಗಂಟಲು ಹರಿದುಕೊಂಡಿದ್ದರು. ಈ ಹುಡುಗಿಗೆ ಅದನ್ನು ಹೇಳುವ ಅಗತ್ಯವೇ ಇಲ್ಲ. ಅವರಿಗೆ ಸ್ವಲ್ಪ ಸಿಟ್ಟೂ ಬಂತು.

“ಮಾಡೋದೇನೋ ಸರಿಯಾಗೇ ಮಾಡ್ತೀಯ. ಆದ್ರೆ ಪುಸ್ತಕದಲ್ಲಿಲ್ವಲ್ಲ. ಹುಟ್ಟಿನಿಂದ ಎಡಚಿ ಅಂತ ಒಂದು ದಾಖಲೆ ತಗೊಂಬಾ, ಎಡಗೈಲೇ ಹೊಡೆಸ್ತೀನಿ.”

ಸುಕನ್ಯಾ ಆಸ್ಪತ್ರೆಗೆ ಹೋದಳು. ಡಾಕ್ಟರು ಹೆಸರು ಬರೆಯಲು ಹೇಳಿದರು, ಬಲಗೈಯಲ್ಲಿ ಬರೆದಳು. ಊಟ ಯಾವ ಕೈಯಲ್ಲಿ ಎಂದರು, ಬಲಗೈ ಎಂದಳು. ಅವರು ಅವಳನ್ನೊಮ್ಮೆ ನೋಡಿ, ‘ಎರಡೂ ಕೈಗಳು ಆರೋಗ್ಯವಾಗಿವೆ’ ಎಂದು ಬರೆದು ಸೀಲು ಒತ್ತಿ ಕೊಟ್ಟರು. ಅದನ್ನು ಓದಿದ ರುದ್ರಪ್ಪನವರು, ಕೊನೆಗೆ ಹೆತ್ತವರನ್ನೇ ಕೇಳೋಣವೆಂದು ಅಣ್ಣಮ್ಮನಿಗೆ ಫೋನು ಹಚ್ಚಿದರು.

“ಅಂಥದ್ದೇನಿಲ್ಲ ಸಾರ್,” ಎಂದಳು ಅಣ್ಣಮ್ಮ. “ನಮ್ಮನೇಲಿ ಎಡಚರು ಯಾರೂ ಇಲ್ಲ. ಗಂಡು ನೋಡ್ತಿದೀವಿ, ಬೇರೆಯವ್ರು ಕೇಳಿದ್ರೂ ಹಂಗೇ ಹೇಳಿ.”

ಸುಕನ್ಯಾಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ಮೊದಲ ಬಸ್ಸಿಗೇ ಊರಿಗೆ ಹೋಗಿ, ಜಗಳಕ್ಕೆ ಸಿದ್ಧಳಾಗಿ ನೇರ ತೋಟಕ್ಕೆ ಇಳಿದಳು. ಕಾಫಿ ಕುಯ್ಲು ನಡೆದಿತ್ತು. ಅಣ್ಣಮ್ಮ ಗಿಡಗಳ ನಡುವೆ ಒಬ್ಬಳೇ ನಿಂತು ಹಣ್ಣು ಬಿಡಿಸುತ್ತಿದ್ದಳು. ಬಲಗೈ ಸುಮ್ಮನೆ ರೆಕ್ಕೆಯನ್ನು, ಅಂದರೆ ಗಿಡದ ಅಡ್ಡಕೊಂಬೆಯನ್ನು, ಬಗ್ಗಿಸಿ ಹಿಡಿದಿತ್ತು. ಸರಸರನೆ ಹಣ್ಣು ಬಿಡಿಸುತ್ತಿದ್ದದ್ದು ಎಡಗೈ. ಚಿಕ್ಕಂದಿನಿಂದ ನೋಡಿದ್ದನ್ನೇ ಸುಕನ್ಯಾ ಅಂದು ಮೊದಲ ಸಲ ನೋಡಿದಳು.

“ಅಮ್ಮ, ನೀನೂ?”

ಎಡಗೈ ನಿಂತಿತು. ಆಮೇಲೆ ಮತ್ತೆ ಹಣ್ಣಿಗೆ ಹೋಯಿತು.

“ಗಿಡದ ಸಂದೀಲಿ ಯಾರು ನೋಡ್ತಾರೆ? ಯಾವ ಕೈಲಿ ಕುಯ್ದೆ ಅಂತ ತೂಕ ಹಾಕೋವಾಗ ಮೇಸ್ತ್ರಿ ಕೇಳಲ್ಲ.”

“ಮತ್ತೆ ನಂಗೆ ಯಾಕೆ ಹೊಡೆದೆ?”

ಅಣ್ಣಮ್ಮ ಹಣ್ಣು ಬಿಡಿಸುತ್ತಲೇ ಇದ್ದಳು. ಆ ರೆಕ್ಕೆಯ ಹಣ್ಣು ಮುಗಿದ ಮೇಲೆ, “ನಿನ್ ಪರೀಕ್ಷೆ ಯಾವತ್ತು? ಮೇಸ್ತ್ರಿಗೆ ರಜಾ ಹೇಳ್ಬೇಕು,” ಎಂದಳು.

ಪರೀಕ್ಷೆಯ ದಿನ ಅಣ್ಣಮ್ಮ ಒಳ್ಳೆಯ ಸೀರೆಯುಟ್ಟು ಬಂದು ರುದ್ರಪ್ಪನವರ ಮುಂದೆ ನಿಂತಳು. “ಫೋನಲ್ಲಿ ಸುಳ್ಳು ಹೇಳಿದ್ದೆ ಸಾರ್. ನನ್ ಮಗ್ಳು ಎಡಚಿ.”

ರುದ್ರಪ್ಪನವರು ಅದನ್ನು ಬರೆದುಕೊಂಡು, ಸುಕನ್ಯಾಗೆ ತಲೆಯಾಡಿಸಿದರು. ಅವಳು ಎಡಗೈಯಲ್ಲಿ ಹೊಡೆದಳು. ಖಾಲಿ ತೋಟಾಗಳು ಮೂಗಿನ ಮುಂದೆಯೇ ಬಲಕ್ಕೆ ಹಾರಿಹೋಗುತ್ತಿದ್ದರೂ ಕಣ್ಣು ಮಿಟುಕಿಸಲಿಲ್ಲ. ಹತ್ತರಲ್ಲಿ ಒಂಬತ್ತು ಗುರಿಗೆ ಬಿದ್ದವು. ಕೆಲಸ ಅವಳದೇ ಆಯಿತು.

ಸರ್ಕಾರಿ ಕಡತಕ್ಕೆ ಮಾತ್ರ ಅಷ್ಟು ಸಾಲದು. ರುದ್ರಪ್ಪನವರು ಪೆನ್ನು ಹಿಡಿದು, “ಮೊದ್ಲು ಸುಳ್ಳು ಹೇಳಿದ್ದಕ್ಕೆ ಏನು ಕಾರಣ ಅಂತ ಬರೀಲಿ ಅಮ್ಮ?” ಎಂದರು.

“ಅಭ್ಯಾಸ ಅಂತ ಬರೀರಿ ಸಾರ್. ನಾನೂ ಎಡಚೀನೇ. ಇವಳಪ್ಪನ ಜತೆ ಇಪ್ಪತ್ತಾರು ವರ್ಷ ಸಂಸಾರ ಮಾಡ್ದೆ. ಸಾಯೋವರೆಗೂ ಅವ್ರಿಗೆ ಗೊತ್ತಾಗ್ದಂಗೆ ನೋಡ್ಕೊಂಡೆ.”

ರುದ್ರಪ್ಪನವರು ಪೆನ್ನಿಗೆ ಮುಚ್ಚಳ ಹಾಕಿದರು. ಗೆದ್ದ ಖುಷಿಯಲ್ಲಿ ಅಮ್ಮನ ಪಕ್ಕ ಬಂದು ನಿಂತಿದ್ದ ಸುಕನ್ಯಾಗೆ ತಡೆಯಲಾರದಷ್ಟು ಅಳು ಬಂತು.