ನಮ್ಮನೆಯ ಬೋಳು ಹಲಗೆ

ನಮ್ಮನೆಯವರ ಹೆಸರು ಮುನಿಶಾಮಪ್ಪ, ಮರಗೆಲಸದವರು. ತ್ಯಾಮಗೊಂಡ್ಲು ಕಡೆ ಯಾವ ಮನೆ ಬಾಗಿಲು ನೋಡಿ ನೀವು ನಿಂತ್ಕೊಂಡ್ರೂ ಅದು ಇವರ ಕೆಲಸಾನೇ ಇರ್ತದೆ. ಮರದ ಎಳೆ ಸುತ್ತಿ ಸುತ್ತಿ ಹೂವಿನ ಹಾಗೆ ಅರಳಿರೋ ಹಲಗೇನೇ ಹುಡುಕಿ ತರ್ತಾರೆ. ಎಳೆ ನೆಟ್ಟಗೆ ಓಡಿದ್ರೆ ಅದಕ್ಕೆ ಬೋಳು ಹಲಗೆ ಅಂತ ಹೆಸರಿಟ್ಟು ಮೂಲೆಗೆ ತಳ್ತಾರೆ. ಅಂಥದ್ದೇ ಒಂದು ತಡಸಲು ಮರದ ಹಲಗೇನ ನಮ್ಮ ಅಡುಗೆಮನೇಲಿ ಒಲೆ ಮೇಲ್ಗಡೆ ಗೂಟಕ್ಕೆ ಕೂರಿಸಿ, ಪಾತ್ರೆ ಇಟ್ಕೋ ಅಂದ್ರು. ಊರಿಗೆಲ್ಲ ಹೂವು, ಹೆಂಡ್ತಿಗೆ ಬೋಳು. ವರ್ಷಗಟ್ಟಲೆ ಬೈದಿದ್ದೀನಿ.

ಸೊಸೆ ಮಮತ ಕಾಲೇಜಲ್ಲಿದ್ದಾಗ ಬಿಲ್ಲು ಹಿಡಿದವಳು. ಮದುವೆ ಆಯ್ತು, ಕಾಲೇಜಿನ ಬಿಲ್ಲು ವಾಪಸ್ ಹೋಯ್ತು, ಆಟಾನೂ ನಿಂತೋಯ್ತು. ಈಗ ನೆಲಮಂಗಲದಲ್ಲಿ ಮರದ ಬಿಲ್ಲಿನ ಆಯ್ಕೆ ಪಂದ್ಯ, ಸ್ವಂತ ಬಿಲ್ಲು ತರ್ಬೇಕಂತೆ. ಇವಳು ಆಸೆ ನುಂಗ್ಕೊಂಡು ಅವರೆಕಾಯಿ ಸುಲೀತಾ ಕೂತಿದ್ಲು. "ಮರದ್ದು ತಾನೆ ತಾಯಿ, ನಾನ್ ಮಾಡ್ಕೊಡ್ತೀನಿ" ಅಂದ್ಬಿಟ್ರು ಇವರು.

ಅನೀಸ್ ಅಹಮದ್ ಸಾಬರ ಮರದ ಡಿಪೋದಲ್ಲಿ ಅರ್ಧ ದಿನ ಹಲಗೆ ಎತ್ತಿಸಿ ಇಳಿಸಿ, ಕೊನೆಗೆ ತಂದಿದ್ದೇನು ಹೇಳಿ? ಹೂವಿನ ತೇಗ. ಮಮತ ಮೆಲ್ಲಗೆ, "ಮಾವ, ಬಿಲ್ಲಿಗೆ ಎಳೆ ಈ ತುದಿಯಿಂದ ಆ ತುದಿಗೆ ನೇರ ಇರ್ಬೇಕು ಅಂತಿದ್ರು ನಮ್ಮ ಸರ್" ಅಂದ್ಲು. "ನೋಡೋಕೂ ಚೆನ್ನಾಗಿರ್ಬೇಕಲ್ವೇನಮ್ಮಾ" ಅಂದ್ರು ಇವರು. ಮಾವನಿಗೆ ಎರಡನೇ ಸಲ ಎದುರು ಹೇಳೋ ಹುಡುಗಿ ಅಲ್ಲ ಅವಳು.

ಬಿಲ್ಲೇನೋ ದೇವರ ಕೈಲಿಡೋ ಹಾಗಿತ್ತು. ಅವಳು ಎಳೆದ ತಕ್ಷಣ ಲಟ್ ಅಂತ ಎರಡು ತುಂಡಾಯ್ತು. "ಪರವಾಗಿಲ್ಲ ಬಿಡಿ ಮಾವ" ಅಂತ ಒಳಗೆ ಹೋದ್ಲು. ಬಾಗಿಲ ಹಿಂದೆ ಅಳ್ತಿದ್ದದ್ದು ನನಗೆ ಕೇಳಿಸ್ತು.

ಇವರು ಊಟಾನೂ ಮಾಡ್ಲಿಲ್ಲ. "ಹೂವು ಎಲ್ಲಿ ಸುತ್ತಿತ್ತೋ ಅಲ್ಲೇ ಮುರಿದಿದೆ ಕಣೇ" ಅಂತ ತುಂಡು ಸವರ್ತಾ ಕೂತ್ರು. ಬೆಳಗ್ಗೆ ಎದ್ದು ಮತ್ತೆ ಡಿಪೋಗೆ ಓಡಿದ್ರು. ಅನೀಸ್ ಸಾಬರು, "ನೆಟ್ಟನೆ ಎಳೇದು ಇದೆ ಮುನಿಶಾಮಣ್ಣ, ಆದ್ರೆ ಎಲ್ಲಾ ಹಸಿ. ಬಗ್ಗಿಸಿದ್ರೆ ಬಗ್ಗಿದ ಹಾಗೇ ಕೂತ್ಬಿಡ್ತದೆ" ಅಂದ್ರಂತೆ. ಪಂದ್ಯದೊಳಗೆ ಅದನ್ನ ಒಣಗಿಸೋಕೆ ದಿನ ಉಳಿದಿರಲಿಲ್ಲ.

ಬಂದವರು ಅಡುಗೆಮನೇಲಿ ನೀರು ಕುಡೀತಾ ಲೋಟ ಎತ್ತಿದ್ರು ನೋಡಿ, ಕಣ್ಣು ಮೇಲೇ ನಿಂತೋಯ್ತು. ನನ್ನ ಪಾತ್ರೆ ಹಲಗೆ. ಗಂಟಿಲ್ಲ, ಸೀಳಿಲ್ಲ, ಒಲೆ ಕಾವಿಗೆ ಒಣಗಿ ಗಟ್ಟಿಯಾಗಿತ್ತು.

"ಆ ಕಡೆ ನೋಡ್ಬೇಡಿ" ಅಂದೆ. ಅಂದವಳೇ ಒಂದೊಂದಾಗಿ ಪಾತ್ರೆ ಇಳಿಸೋಕೆ ಶುರುಮಾಡ್ದೆ.

ಶನಿವಾರ ಹಿತ್ತಲಲ್ಲಿ ಮಮತ ಹೊಸ ಬಿಲ್ಲು ಹಿಡಿದು ನಿಂತ್ಲು. ಇವರು ಕಣ್ಣು ಮುಚ್ಕೊಂಡ್ರು. ನಾನು ಮುಚ್ಚಲಿಲ್ಲ. ಹಲಗೆ ನಿಧಾನಕ್ಕೆ ಬಗ್ತು, ಬಗ್ತು, ಹಗ್ಗ ಅವಳ ಕೆನ್ನೆಗೆ ಮುಟ್ತು. ಲಟ್ ಅನ್ನಲಿಲ್ಲ. ಬಾಣ ಹುಲ್ಲಿನ ಮೂಟೆಗೆ ಹೊಕ್ಕಿತು. ಆ ಹುಡುಗಿ ನಕ್ಕಿದ್ದು ನೋಡಿ ನನಗೆ ಅಳು ಬಂತು.

ಭಾನುವಾರ ಅವಳು ಆಯ್ಕೆ ಆಗಿ ಬಂದ್ಲು. ಇವರಿಗೆ ಖುಷಿಯೋ ಖುಷಿ. "ಅನುಸೂಯಾ, ನಿನ್ನ ಪಾತ್ರೆಗೆ ಈ ಸಲ ಹೂವಿನ ಹಲಗೇನೇ ಹಾಕ್ತೀನಿ" ಅಂದ್ರು.

"ಬೇಡ, ಬೋಳೇ ತನ್ನಿ, ಹಸೀದಾದ್ರೂ ಸರಿ" ಅಂದೆ. "ಒಲೆ ಮೇಲೆ ಒಣಗ್ತಾ ಇರ್ಲಿ. ಈ ಬಿಲ್ಲು ಸವೆದ್ರೆ ಮಮತಂಗೆ ಇನ್ನೊಂದು ಬೇಕಾಗ್ತದೆ."