ಅನ್ಸೆಲ್ಮನ ಅಪ್ಪಟ ಕಸ್ಸಿಸ್

ನಮ್ಮ ಬರ್ಗಂಡಿಯ ಗುಡ್ಡದೂರಿನಲ್ಲಿ ಅನ್ಸೆಲ್ಮ್ ಬೊಶಾರ್‌ನಷ್ಟು ಶುದ್ಧ ಮನುಷ್ಯ ಇನ್ನೊಬ್ಬನಿಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತನಾದವನು ಅಪ್ಪ ಬಿಟ್ಟುಹೋದ ಕಸ್ಸಿಸ್ ತೋಟಕ್ಕೆ ಕೈಹಾಕಿದ. ಕಸ್ಸಿಸ್ ಎಂಬ ಆ ಪುಟ್ಟ ಕರಿ ಹಣ್ಣನ್ನು ಸಾರಾಯಿಯಲ್ಲಿ ನೆನೆಹಾಕಿ, ಸಕ್ಕರೆ ಸೇರಿಸಿ ಮಾಡಿದ ಅದೇ ಹೆಸರಿನ ಮದ್ಯ ಬೆರೆಸದಿದ್ದರೆ ನಮ್ಮೂರಿನ ಹುಳಿ ವೈನು ಗಂಟಲಲ್ಲಿ ಇಳಿಯುವುದಿಲ್ಲ. ಸ್ವಂತ ತೋಟದ ಹಣ್ಣಿನಿಂದ ಅದನ್ನು ಚೆನ್ನಾಗಿ ಮಾಡಿದವರಿಗೆ ಊರಿನ ಕಸ್ಸಿಸ್ ಬಳಗ ನೇರಳೆ ನಿಲುವಂಗಿ ಹೊದಿಸುತ್ತದೆ. ಅವನಪ್ಪನಿಗೆ ಅದು ಸಿಕ್ಕಿತ್ತು. ಇವನಿಗೂ ಬೇಕು. ಅದೊಂದು ಬಿಟ್ಟರೆ ಬೇರೆ ಆಸೆಯೇ ಇರಲಿಲ್ಲ, ಪಾಪ.

ತೋಟದಲ್ಲಿ ನಮ್ಮ ಬರ್ಗಂಡಿ ತಳಿಯ ನಡುನಡುವೆ ನೇಪಲ್ಸ್ ತಳಿಯ ಗಿಡಗಳಿದ್ದವು. ಪರದೇಶಿಗಳೆಂದು ಎಲ್ಲವನ್ನೂ ಬೇರುಸಹಿತ ಕಿತ್ತೆಸೆದ. ಬೇಲಿಯ ಈಚೆ ಇರುವ ನನ್ನ ನೇಪಲ್ಸ್ ಸಾಲನ್ನೂ ಕೀಳಬೇಕಂತೆ. ಅದರ ಗಾಳಿ ಸೋಕಿದರೆ ಅವನ ಗಿಡದ ಕುಲ ಕೆಡುತ್ತದಂತೆ. ಸೊಂಟನೋವಿನ ನೆಪ ಹೇಳಿ ಸಾಗಹಾಕಿದೆ.

ವಸಂತದಲ್ಲಿ ಹೂವೇನೋ ಬಂತು. ಜುಲೈನಲ್ಲಿ ನೋಡಿದರೆ ತೋಟದ ತುಂಬ ಬರೀ ಎಲೆ. ನಮ್ಮ ತಳಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಜೇನುನೊಣ ಬೇರೆ ತಳಿಯದನ್ನು ತಂದುಕೊಡಬೇಕು. ನನ್ನ ಬೇಲಿಗೆ ಒತ್ತಿಕೊಂಡಿದ್ದ ಅವನ ಒಂದು ಸಾಲಿನಲ್ಲಿ ಮಾತ್ರ ಗೊಂಚಲು ಗೊಂಚಲು ಹಣ್ಣು. ಅದರ ಮುಂದೆ ಅವನು ಬಹಳ ಹೊತ್ತು ನಿಂತಿದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಆಮೇಲೆ ಆ ಸಾಲಿನ ಹಣ್ಣು ಕೊಯ್ದ, ನೆನೆಹಾಕಿದ, ಚಳಿಗಾಲಕ್ಕೆ ಬಾಟಲಿ ಹಿಡಿದು ಬಳಗದ ಸಭೆಗೆ ಬಂದ.

ರುಚಿ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಗುಟ್ಟೇನೆಂದು ಬಳಗದ ಮುಖ್ಯಸ್ಥ ಮೊರೊ ಕೇಳಿದ್ದೇ ತಡ, ಇವನ ಭಾಷಣ ಶುರುವಾಯಿತು. ಶುದ್ಧ ನೆಲ, ಶುದ್ಧ ಬೇರು. ಪಕ್ಕದ ಮನೆಯಾಕೆ ಇನ್ನೂ ಕಲಬೆರಕೆ ಸಾಕುತ್ತಿದ್ದಾಳೆಂದು ನನ್ನತ್ತ ಬೇರೆ ಕೈತೋರಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ.

"ನೀವು ಹೇಳಿದ್ದು ಸರಿ ಸ್ವಾಮಿ. ನಾಳೆ ಬೆಳಿಗ್ಗೆನೇ ಆ ಸಾಲು ಕೀಳಿಸ್ತೀನಿ. ಮೊದಲನೇ ಗಿಡ ನೀವೇ ಬಂದು ಕಿತ್ತುಕೊಡಿ."

ಅನ್ಸೆಲ್ಮನ ಮುಖ ಬಿಳಿಚಿಕೊಂಡಿತು. ನಿಲುವಂಗಿ ಇನ್ನೂ ಮೊರೊನ ತೋಳಿನ ಮೇಲೇ ಇತ್ತು.

"ಬೇಡ ಒಡೀಲಕ್ಕ," ಎಂದ ಮೆಲ್ಲಗೆ. ಅವನು ನನ್ನನ್ನು ಅಕ್ಕ ಎಂದದ್ದು ಅದೇ ಮೊದಲು. "ಅವು ಇರ್ಲಿ. ಅವಿಲ್ದಿದ್ರೆ ನನ್ ಗಿಡ ಕಾಯಿ ಕಟ್ಟಲ್ಲ."

ಮೊರೊ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಗೊತ್ತಾಗೋಕೆ ಇಷ್ಟು ವಯಸ್ಸಾಗ್ಬೇಕಿತ್ತೇನಯ್ಯಾ? ಊರಿಗೆಲ್ಲ ನೆಡೋಕೆ ನೇಪಲ್ಸ್ ಕಡ್ಡಿ ಹಂಚಿದ್ದು ನಿಮ್ಮಪ್ಪನೇ. ಅವನಿಗೆ ಈ ಅಂಗಿ ಹೊದಿಸಿದ್ದೂ ಅದಕ್ಕೇ."

ಸಭೆಯೆಲ್ಲ ನಗುತ್ತಿರುವಾಗಲೇ ಅವನಿಗೆ ನಿಲುವಂಗಿ ಹೊದಿಸಿದರು. ಜೀವಮಾನವೆಲ್ಲ ಬಯಸಿದ್ದು ಹೆಗಲೇರಿತು. ಆದರೆ ಅವನು ತಲೆಯೆತ್ತಲಿಲ್ಲ.